ಅಕ್ಕನನ್ನು ಕರೆತರಲು ಹೊರಟವನು

2003ನೆಯ ಇಸವಿಯ ಮಾರ್ಚ್ 21ರಂದು, ಇರಾಕಿನ ಮೇಲೆ ಅಮೆರಿಕವು ಯುದ್ಧ ಹೂಡಿದ ಎರಡನೆಯ ದಿನ, ಆ ದೇಶದ ದಕ್ಷಿಣ ತುದಿಯಲ್ಲಿರುವ ಉಮ್ ಕಸ್ರ್ ಎಂಬ ಬಂದರುಪಟ್ಟಣದ ಸಮೀಪ ಒಬ್ಬ ತರುಣ ಸೈನಿಕನು ಗುಂಡೇಟಿನಿಂದ ಮಡಿದನು. ಆ ಯುದ್ಧದಲ್ಲಿ ಅಮೆರಿಕದ ಕಡೆಯಿಂದ ಬಿದ್ದ ಮೊದಲಿಗರಲ್ಲಿ ಅವನೊಬ್ಬನು. ಹೆಸರು ಹೊಸೆ ಅಂತೋನಿಯೊ ಗುತಿಯೆರೆಸ್. ಮರೀನ್ ದಳದಲ್ಲಿ ಲ್ಯಾನ್ಸ್ ಕಾರ್ಪೊರಲ್. ನಮ್ಮ ಸೇನೆಯ ಲ್ಯಾನ್ಸ್ ನಾಯಕನಿಗೆ ಹೆಚ್ಚುಕಡಿಮೆ ಸಮನಾದ ದರ್ಜೆ. ಅಮೆರಿಕದ ಧ್ವಜದ ಕೆಳಗೆ ಪ್ರಾಣ ಬಿಟ್ಟ ಈ ತರುಣನು ಅಂದು ಅಮೆರಿಕದ ಪ್ರಜೆಯಾಗಿರಲಿಲ್ಲ. ಗ್ವಾಟೆಮಾಲಾ ಎಂಬ ಪುಟ್ಟ ದೇಶದ ಬೀದಿಗಳಲ್ಲಿ ಬೆಳೆದ ಅನಾಥನು ಅವನು.

ಸೈನಿಕನ ಸಾವಿನ ಸುದ್ದಿ ನಮ್ಮ ಸೀಮೆಗೆ ಹೊಸತಲ್ಲ. ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳ ಅದೆಷ್ಟೋ ಹಳ್ಳಿಗಳಲ್ಲಿ ಸಮವಸ್ತ್ರ ತೊಟ್ಟ ಮಗನ ಭಾವಚಿತ್ರವಿಲ್ಲದ ಓಣಿಯನ್ನು ಹುಡುಕಬೇಕಾಗುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದು, ದೆಹಲಿಯ ಆಸ್ಪತ್ರೆಯಲ್ಲಿ 11ರಂದು ಕಣ್ಣುಮುಚ್ಚಿದ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಓದುಗರು ಮರೆತಿರಲಾರರು. ಅಂದು ನಾಡಿಗೆ ನಾಡೇ ತನ್ನ ಮನೆಯ ಮಗನನ್ನು ಕಳೆದುಕೊಂಡಂತೆ ಮರುಗಿತು. ಅವರು ಹುಟ್ಟಿದ್ದೂ, ಕಾಯ್ದದ್ದೂ, ಕಡೆಗೆ ಮಣ್ಣಾದದ್ದೂ ಒಂದೇ ದೇಶದಲ್ಲಿ. ‘ನಮ್ಮವನು’ ಎನ್ನಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಹೊಸೆ ಹುಟ್ಟಿದ್ದು ಒಂದು ದೇಶ, ದುಡಿದದ್ದು ಇನ್ನೊಂದಕ್ಕೆ, ಸತ್ತದ್ದು ಮತ್ತೊಂದರಲ್ಲಿ. ಅವನನ್ನು ‘ನಮ್ಮವನು’ ಎನ್ನಲು ಒಂದು ಸರ್ಕಾರವು ಕಾಗದದ ಮೇಲೆ ಮೊಹರು ಒತ್ತಬೇಕಾಯಿತು.

ಕೆಲವು ವರ್ಷಗಳ ಹಿಂದೆ ನಾವಿಬ್ಬರು ದಂಪತಿಗಳು ಮಗನ ಮನೆಯಲ್ಲಿ ಆರು ತಿಂಗಳು ಇರಲೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದೆವು. ಮಗ ಸೊಸೆಯರು ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಹಗಲು ಬಹಳ ಉದ್ದವಾಗುತ್ತಿತ್ತು. ಅಂಥದೊಂದು ಮಧ್ಯಾಹ್ನ ಹೈದಿ ಸ್ಪೆಕೋನ್ಯಾ ಎಂಬ ಸ್ವಿಸ್ ನಿರ್ದೇಶಕಿ 2006ರಲ್ಲಿ ತೆಗೆದ, ಹೊಸೆಯ ಅಲ್ಪಾಯುಷ್ಯವನ್ನು ಕುರಿತ ಸಾಕ್ಷ್ಯಚಿತ್ರವನ್ನು ನೋಡಿದೆವು. ಭಾಷೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಅವನು ಓದಿದ ಟಾರೆನ್ಸ್ ಎಂಬ ಊರು ಮಗನ ಮನೆಗೆ ಸಮೀಪದ್ದು. ಅಲ್ಲಿಯ ಅಂಗಡಿಗೇ ನಾವು ಅಕ್ಕಿ ಬೇಳೆ ತರಲು ಹೋಗುತ್ತಿದ್ದೆವು. ಆ ಸಂಜೆಯಿಂದ ಅವನ ಸಂಗತಿಯನ್ನು ಸಿಕ್ಕಲ್ಲೆಲ್ಲ ಓದತೊಡಗಿದೆವು.

ಗ್ವಾಟೆಮಾಲಾ ಮೆಕ್ಸಿಕೋದ ದಕ್ಷಿಣಕ್ಕಿದೆ. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಜನರು ಹತರಾದರು ಇಲ್ಲವೆ ಕಾಣೆಯಾದರು ಎಂದು 1999ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಆಯೋಗವು ಲೆಕ್ಕ ಕೊಟ್ಟಿತು. ಅವರಲ್ಲಿ ಬಹುಪಾಲು ಆ ನೆಲದ ಮೂಲನಿವಾಸಿಗಳಾದ ಮಾಯಾ ಜನರು. ಈ ಕಲಹದ ಬೇರು 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯು ಅಲ್ಲಿಯ ಚುನಾಯಿತ ಅಧ್ಯಕ್ಷರಾಗಿದ್ದ ಹಾಕೋಬೊ ಆರ್ಬೆನ್ಸರನ್ನು ಕೆಳಗಿಳಿಸಲು ನಡೆಸಿದ ಸಂಚಿನಲ್ಲಿದೆ ಎಂಬುದು ಇಂದು ಮುಚ್ಚುಮರೆಯ ಮಾತಲ್ಲ. ಅಂಥ ಕಾಲದಲ್ಲಿ ತಂದೆತಾಯಿಗಳನ್ನು ಎಳವೆಯಲ್ಲೇ ಕಳೆದುಕೊಂಡ ಹುಡುಗನಿಗೆ ಉಳಿದದ್ದು ಅಕ್ಕ ಒಬ್ಬಳೇ. ಅವಳಿಂದಲೂ ಅಗಲಿ ರಾಜಧಾನಿಯ ಬೀದಿ ಸೇರಿದನು. ಕಾಸಾ ಅಲಿಯಾನ್ಸಾ ಎಂಬ ಬೀದಿಮಕ್ಕಳ ಆಶ್ರಯಧಾಮವು ಅವನನ್ನು ಎತ್ತಿಕೊಂಡು ಕೆಲವು ವರ್ಷ ಸಾಕಿತು. ಬೀದಿಮಕ್ಕಳೆಂದರೆ ಪೊಲೀಸರೇ ಬೇಟೆಯಾಡುತ್ತಿದ್ದ ಕಾಲ ಅದು. ಹುಡುಗ ಉಳಿದದ್ದೇ ಹೆಚ್ಚು.

ಉತ್ತರಕ್ಕೆ ಹೋದರೆ ಬದುಕುಂಟು ಎಂಬ ಆಸೆ ಆ ದೇಶದ ಬಡವರನ್ನೆಲ್ಲ ಎಳೆಯುತ್ತದೆ. ಹೊಸೆಯೂ ಹೊರಟನು. ಮೆಕ್ಸಿಕೋವನ್ನು ಉದ್ದಕ್ಕೂ ದಾಟಲು ಬಡ ವಲಸಿಗರಿಗೆ ಸರಕುಗಾಡಿಗಳೇ ಗತಿ. ಗಾಡಿ ಓಡುತ್ತಿರುವಾಗಲೇ ಹತ್ತಬೇಕು, ಡಬ್ಬಿಯ ನೆತ್ತಿಯ ಮೇಲೆ ಕೂಡಬೇಕು, ನಿದ್ದೆ ತೂಗಿದರೆ ಗಾಲಿಗೆ ಆಹಾರ. ಕಳ್ಳರೂ ಅಲ್ಲೇ, ಪೊಲೀಸರೂ ಅಲ್ಲೇ. ಆ ಗಾಡಿಗಳಿಗೆ ಜನರು ಇಟ್ಟ ಹೆಸರು ‘ಮೃಗ’ ಎಂದು. ಕಾಲು ಕಳೆದುಕೊಂಡವರಿಗಾಗಿಯೇ ದಕ್ಷಿಣ ಮೆಕ್ಸಿಕೋದಲ್ಲಿ ಆಶ್ರಯಧಾಮವಿದೆಯೆಂದರೆ ಆ ದಾರಿಯ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಹೀಗೆ ಗಾಡಿಯಿಂದ ಗಾಡಿಗೆ ಹಾರುತ್ತ, ಹದಿನಾಲ್ಕು ಗಾಡಿಗಳನ್ನು ಹಿಡಿದು ಅವನು ಗಡಿ ಮುಟ್ಟಿದನೆಂದು ಅವನ ಕಥೆಯನ್ನು ಬರೆದವರು ಹೇಳುತ್ತಾರೆ. 1997ರಲ್ಲಿ ಕ್ಯಾಲಿಫೋರ್ನಿಯ ಸೇರಿದಾಗ ಕೈಯಲ್ಲಿ ಕಾಗದವಿಲ್ಲ, ಕಿಸೆಯಲ್ಲಿ ಕಾಸಿಲ್ಲ.

ಅಧಿಕಾರಿಗಳ ಮುಂದೆ ತನಗೆ ಹದಿನಾರು ವರ್ಷ ಎಂದನು. ನಿಜವಾಗಿ ಆಗ ಅವನಿಗೆ ಇಪ್ಪತ್ತೆರಡು. ಹದಿನೆಂಟು ತುಂಬದ ಅನಾಥ ಮಕ್ಕಳನ್ನು ಅಲ್ಲಿಯ ಕಾನೂನು ಹೊರದಬ್ಬುವುದಿಲ್ಲ. ಪಾಲನಾ ಕುಟುಂಬಗಳಿಗೆ ಒಪ್ಪಿಸಿ ಸಾಕಿಸುತ್ತದೆ. ಇಪ್ಪತ್ತೆರಡರವನನ್ನು ಬಂದ ದಾರಿಗೇ ಅಟ್ಟುತ್ತದೆ. ಈ ಸುಳ್ಳನ್ನು ಹಿಡಿದುಕೊಂಡು ಅವನ ಸಾವನ್ನೇ ಹಗುರ ಮಾಡಿ ಮಾತನಾಡಿದವರು ಉಂಟು. ನಾವು ಹಾಗೆ ಎಣಿಸುವುದಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನ ಮೇಲೆ ಜೂನ್ ಒಂದನೆಯ ತಾರೀಖೆಂದು ಹುಟ್ಟಿದ ದಿನ ಬರೆದುಕೊಂಡ ತಲೆಮಾರಿನವರು ನಾವು. ನಮ್ಮಲ್ಲಿ ಎಷ್ಟು ಜನರ ನಿವೃತ್ತಿಯ ದಿನವು ನಿಜವಾದ ವಯಸ್ಸಿಗೆ ಹೊಂದುತ್ತದೆ? ನಮ್ಮದು ಯಾರನ್ನೂ ಬದುಕಿಸಲು ಹೇಳಿದ ಸುಳ್ಳೂ ಅಲ್ಲ. ಅವನದೋ ಬಾಲ್ಯವನ್ನೇ ಕಾಣದವನು ಬಾಲ್ಯದ ಆರು ವರ್ಷಗಳನ್ನು ಮರಳಿ ಕೇಳಿದಂತೆ. ಸೇನೆಯ ದಾಖಲೆಯಲ್ಲಿ ಅವನು ಸತ್ತದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ನಿಜವಾಗಿ ಇಪ್ಪತ್ತೆಂಟರಲ್ಲಿ.

ಪಾಲನಾ ಕುಟುಂಬಗಳಲ್ಲಿ ಇದ್ದು ಟಾರೆನ್ಸಿನ ಪ್ರೌಢಶಾಲೆ ಮುಗಿಸಿದನು, ಕಾಲೇಜು ಸೇರಿದನು. ಲೊಮಿಟಾ ಎಂಬ ಊರಿನ ಒಂದು ಮನೆಯವರು, ತಾವೂ ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದವರೇ, ಅವನನ್ನು ಸ್ವಂತ ಮಗನಂತೆ ನೋಡಿಕೊಂಡರು. ಕಾಲ್ಚೆಂಡಿನ ಆಟದಲ್ಲಿ ಆಸಕ್ತಿ, ಕವಿತೆ ಬರೆಯುವ ಹವ್ಯಾಸ. ವಾಸ್ತುಶಿಲ್ಪಿಯಾಗಬೇಕೆಂಬ ಬಯಕೆ. ಮನೆಯೇ ಇಲ್ಲದೆ ಬೆಳೆದ ಹುಡುಗನಿಗೆ ಮನೆಗಳ ನಕ್ಷೆ ಬರೆಯುವ ಹಂಬಲ ಬಂದದ್ದನ್ನು ಓದಿ ನಾವು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ವಾಸ್ತುಶಿಲ್ಪ ಓದಲು ಹಣ ಬೇಕು. ಅದಕ್ಕಿಂತ ಮೊದಲು ಅಕ್ಕನನ್ನು ಕರೆಸಿಕೊಳ್ಳಬೇಕು. ಇಲ್ಲಿಯ ಕಾನೂನಿನ ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ನಮ್ಮವರನೇಕರ ಮನೆಗಳಲ್ಲಿ ಇದು ಬಾಯಿಪಾಠವಾಗಿರುವ ವಿಷಯವೇ. ಹಸಿರು ಕಾರ್ಡು ಇದ್ದವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು, ಒಡಹುಟ್ಟಿದವರನ್ನು ಕರೆಸಲಾರನು. ಅದಕ್ಕೆ ಪೌರತ್ವವೇ ಬೇಕು. ಪೌರತ್ವ ಬಂದ ಮೇಲೂ ಒಡಹುಟ್ಟಿದವರ ಸರದಿ ಹತ್ತು ವರ್ಷಕ್ಕೂ ಮೀರಿದ್ದು. ಭಾರತೀಯರ ಪಾಲಿಗೆ ಅದಕ್ಕಿಂತ ಉದ್ದ. ಹೊಸೆಗೆ ಆ ವೇಳೆಗೆ ಹಸಿರು ಕಾರ್ಡು ದೊರೆತಿತ್ತು. 2002ರ ಮಾರ್ಚಿನಲ್ಲಿ ಅವನು ಮರೀನ್ ದಳ ಸೇರಿದನು. ಸಂಬಳ ಬರುತ್ತದೆ, ಓದಿಗೆ ನೆರವು ಸಿಗುತ್ತದೆ, ಪೌರತ್ವದ ದಾರಿ ಹತ್ತಿರವಾಗುತ್ತದೆ. ತನಗೆ ಅನ್ನ ಕೊಟ್ಟ ದೇಶಕ್ಕೆ ಏನಾದರೂ ಮರಳಿ ಕೊಡಬೇಕೆಂದು ಹೇಳುತ್ತಿದ್ದನೆಂದೂ ಅವನನ್ನು ಸಾಕಿದವರು ನೆನೆದಿದ್ದಾರೆ. ಈ ಎರಡರಲ್ಲಿ ಯಾವುದು ನಿಜ ಎಂದು ಅಗೆದು ನೋಡುವುದು ನಮಗೆ ಸರಿಯೆನಿಸದು. ನಮ್ಮ ಹಳ್ಳಿಯ ಹುಡುಗರು ಭರ್ತಿಗೆ ಹೋಗಿ ಬರಿಗಾಲಲ್ಲಿ ಓಡುವಾಗಲೂ ಮನೆಯ ಸಾಲ ಮತ್ತು ದೇಶ ಎರಡೂ ಒಂದೇ ಎದೆಯಲ್ಲಿ ಇರುತ್ತವೆ.

ಆ ಕಾಲದಲ್ಲಿ ಅಮೆರಿಕದ ಸೇನೆಗಳಲ್ಲಿ ಪೌರರಲ್ಲದ ಸುಮಾರು 37,000 ಜನರಿದ್ದರು. ಹಸಿರು ಕಾರ್ಡಿನವನು ಸಿಪಾಯಿಯಾಗಬಹುದು. ಅಧಿಕಾರಿಯಾಗುವಂತಿಲ್ಲ, ರಹಸ್ಯ ಕಡತ ಮುಟ್ಟುವ ಕೆಲಸಗಳಿಗೆ ಸೇರುವಂತಿಲ್ಲ. ಹೀಗಾಗಿ ಇಂಥ ಹುಡುಗರಿಗೆ ಸಿಗುವ ಕೆಲಸಗಳಲ್ಲಿ ಬಂದೂಕು ಹಿಡಿದು ಮುಂದೆ ನಡೆಯುವುದೇ ಸುಲಭವಾಗಿ ದೊರೆಯುವಂಥದು. ಹೊಸೆ ಅದನ್ನೇ ಹಿಡಿದನು. ಸೇರಿದ ಒಂದೇ ವರ್ಷಕ್ಕೆ ಯುದ್ಧ.

ಅವನು ಶತ್ರುವಿನ ಗುಂಡಿಗೆ ಬಲಿಯಾದನೆಂದು ಮೊದಲು ಹೇಳಿದರು. ತಗುಲಿದ್ದು ತನ್ನವರದೇ ಗುಂಡು ಎಂಬುದು ಆಮೇಲೆ ತಿಳಿದುಬಂತು. ನಾವು ಊರಿಗೆ ಮರಳಿದ ಮೇಲೆ ಧಾರವಾಡದಲ್ಲಿ ನಮ್ಮ ಓಣಿಯ ನಿವೃತ್ತ ಸುಬೇದಾರರೊಬ್ಬರಿಗೆ ಈ ಕಥೆ ಹೇಳಿದೆವು. ಸಂಜೆ ವಾಯುವಿಹಾರದ ಹೊತ್ತು. ಇಂಥ ಅನ್ಯಾಯವುಂಟೇ ಎಂದು ನಾವು ಆವೇಶದಿಂದ ಕೇಳಿದಾಗ ಅವರು ಕೆಲವು ಹೆಜ್ಜೆ ಸುಮ್ಮನೆ ನಡೆದು, “ಕತ್ತಲದಾಗ ಗುಂಡಿಗೆ ಗುರುತ ಇರೂದಿಲ್ಲ ಸರ. ಸತ್ತಾಂವ ಸತ್ತ. ಹೊಡದಾಂವ ಇನ್ನೂ ಎಲ್ಲೋ ಇರ್ತಾನಲ್ಲ, ಅವನ ಪಾಡ ಏನಂತೀರಿ?” ಎಂದರು. ನಾವು ಆ ಇನ್ನೊಬ್ಬ ಹುಡುಗನನ್ನು ಕುರಿತು ಅದುವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ಮುಂದೆ ಆ ಸಂಜೆ ಮಾತು ಬೆಳೆಯಲಿಲ್ಲ.

ಆ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವು ಹೊಸೆಗೆ ಮರಣೋತ್ತರ ಪೌರತ್ವವನ್ನು ನೀಡಿತು. ಮಾರ್ಚ್ 23ರಂದು ನಾಸಿರಿಯಾದಲ್ಲಿ ಮಡಿದ ಹೊಸೆ ಗಾರಿಬಾಯ್ ಎಂಬ, ಮೆಕ್ಸಿಕೋದಲ್ಲಿ ಹುಟ್ಟಿದ ಇನ್ನೊಬ್ಬ ತರುಣನಿಗೂ ಅದೇ ಗೌರವ ಸಂದಿತು. ಹೀಗೆ ಸತ್ತ ಸೈನಿಕನಿಗೆ ಪೌರತ್ವ ಕೊಡಲು 1990ರ ಕಾನೂನಿನಲ್ಲಿಯೇ ಅವಕಾಶವಿತ್ತು. ಅದು ಬರಿಯ ಗೌರವ. ಅದರಿಂದ ಮನೆಯವರಿಗೆ ಯಾವ ಹಕ್ಕೂ ಹುಟ್ಟುತ್ತಿರಲಿಲ್ಲ. ಲಾಸ್ ಏಂಜಲೀಸಿನ ಧರ್ಮಗುರು ಕಾರ್ಡಿನಲ್ ರೋಜರ್ ಮಹೊನಿಯವರು ಅಧ್ಯಕ್ಷ ಬುಷ್ ಅವರಿಗೆ ಪತ್ರ ಬರೆದು, ಪೌರನಾಗಲು ರಣರಂಗದಲ್ಲಿ ಸಾಯಲೇಬೇಕೆಂದರೆ ವಲಸೆಯ ನೀತಿಯಲ್ಲಿಯೇ ದೋಷವಿದೆಯೆಂದು ತಿಳಿಸಿ, ಬದುಕಿರುವಾಗಲೇ ಈ ಹುಡುಗರನ್ನು ಪೌರರೆಂದು ಒಪ್ಪಿಕೊಳ್ಳಬೇಕೆಂದು ಕೇಳಿಕೊಂಡರು. ಆ ಪತ್ರ ಬರೆಯಬೇಕೆಂದು ಅವರಿಗೆ ತೋರಿದ್ದು ದೊಡ್ಡ ಮಾತೆಂದು ನಮಗೆ ಅನಿಸುತ್ತದೆ.

ನ್ಯಾಯವಾಗಿ ಹೇಳುವುದಾದರೆ, ಅಧ್ಯಕ್ಷರು 2002ರ ಜುಲೈ 3ರಂದೇ ಒಂದು ಆಜ್ಞೆ ಹೊರಡಿಸಿ, 2001ರ ಸೆಪ್ಟೆಂಬರ್ 11ರ ತರುವಾಯ ಸೇವೆಯಲ್ಲಿರುವ ಯಾವ ವಲಸಿಗ ಸೈನಿಕನೂ ಕಾಯದೆ ಪೌರತ್ವಕ್ಕೆ ಅರ್ಜಿ ಹಾಕಬಹುದೆಂದಿದ್ದರು. ಆದರೆ ಅರ್ಜಿ, ಬೆರಳಚ್ಚು, ಸಂದರ್ಶನ, ಪ್ರಮಾಣವಚನ ಇವೆಲ್ಲ ಅಮೆರಿಕದ ನೆಲದ ಮೇಲೆಯೇ ನಡೆಯಬೇಕಿತ್ತು. ಕಚೇರಿಯ ಕಾಗದ ನಡೆಯುವ ವೇಗವೂ ಪಡೆ ಹೊರಡುವ ವೇಗವೂ ಒಂದಲ್ಲ. 2003ರ ನವೆಂಬರಿನಲ್ಲಿ ಬಂದ ಹೊಸ ಕಾನೂನು ಅರ್ಜಿಯ ಶುಲ್ಕವನ್ನು ತೆಗೆದುಹಾಕಿತು, ವಿದೇಶದಲ್ಲಿರುವ ಸೈನಿಕನು ಅಲ್ಲಿಯೇ ಪ್ರಮಾಣ ಸ್ವೀಕರಿಸಲು ದಾರಿಮಾಡಿತು. ಆಮೇಲಿನ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ವಲಸಿಗ ಸೈನಿಕರು ಸೇವೆಯ ಮೂಲಕ ಪೌರರಾದರು. ಹೊಸೆ ಮತ್ತು ಅವನಂಥವರ ಸಾವು ಇದಕ್ಕೆ ಕಾರಣಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ.

ಅದೇ ಕಾನೂನು ಮತ್ತೊಂದು ಉಪಕಾರವನ್ನೂ ಮಾಡಿತು. ಮರಣೋತ್ತರ ಪೌರತ್ವವನ್ನು ಬರಿಯ ಗೌರವಕ್ಕೆ ನಿಲ್ಲಿಸದೆ, ಸತ್ತವನ ಕುಟುಂಬದವರು ಅದರ ಆಧಾರದ ಮೇಲೆ ವಲಸೆಯ ಹಕ್ಕು ಪಡೆಯಬಹುದೆಂದು ವಿಧಿಸಿತು. ಯಾರು ಆ ಕುಟುಂಬದವರು? ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಹೊಸೆಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ತಂದೆತಾಯಿಗಳು ಎಂದೋ ತೀರಿಕೊಂಡಿದ್ದರು. ಇದ್ದವಳು ಅಕ್ಕ. ಯಾರನ್ನು ಕರೆತರಲೆಂದು ಅವನು ಬಂದೂಕು ಹಿಡಿದನೋ ಅವಳ ಹೆಸರಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ.

ಕಾನೂನು ಬರೆದವರು ಕಠಿಣರೆಂದು ನಾವು ಹೇಳುತ್ತಿಲ್ಲ. ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು ಎಂಬುದು ಅವರ ಬದುಕಿನ ಲೆಕ್ಕ. ಅಕ್ಕನೇ ತಾಯಿಯಾಗಿ ತಮ್ಮಂದಿರನ್ನು ಎತ್ತಿ ಬೆಳೆಸಿದ, ತಮ್ಮನ ಓದಿಗಾಗಿ ತನ್ನ ಓದನ್ನು ಮೂರನೆಯ ಇಯತ್ತೆಗೇ ಬಿಟ್ಟ ಮನೆಗಳನ್ನು ಕಂಡ ನಮಗೆ ಆ ಪಟ್ಟಿಯು ಅರ್ಧಕ್ಕೇ ನಿಂತಂತೆ ತೋರುತ್ತದೆ. ಇದನ್ನು ಮಗನಿಗೆ ಹೇಳಿದಾಗ ಅವನು ನಕ್ಕು, “ಅಪ್ಪಾರ, ಇಲ್ಲಿ ಬದುಕಿರೋ ತಮ್ಮನೂ ಅಕ್ಕನ್ನ ಕರಸ್ಕೊಳ್ಳಾಕ ಆಗೂದಿಲ್ಲ” ಎಂದನು. ಹದಿಮೂರು ವರ್ಷದಿಂದ ಅವನದೂ ಸರದಿಯ ಬದುಕೇ. ಉದ್ಯೋಗದ ಮೇಲೆ ಕೊಡುವ ಹಸಿರು ಕಾರ್ಡುಗಳಲ್ಲಿ ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿ ಇರುವುದರಿಂದ ಭಾರತೀಯರ ಸಾಲು ಕರಗುವುದೇ ಇಲ್ಲ. ಆದರೂ ಅವನ ಸರದಿಗೂ ಹೊಸೆಯ ಸರದಿಗೂ ಹೋಲಿಕೆ ಮಾಡುವುದು ಸಲ್ಲದು. ನಮ್ಮ ಮಗನು ಹೋದದ್ದು ವಿಮಾನದಲ್ಲಿ.

ನಮ್ಮ ದೇಶದ ಹುಡುಗರೂ ಆ ಯುದ್ಧದಲ್ಲಿ ಇದ್ದರೆಂಬುದು ಅನೇಕರಿಗೆ ತಿಳಿದಿಲ್ಲ. ಚಂಡೀಗಢದ ಸೈನಿಕ ಮನೆತನದಲ್ಲಿ ಬೆಳೆದು, 2000ದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಭೂಸೇನೆ ಸೇರಿದ್ದ ಉದಯ್ ಸಿಂಗ್ ಎಂಬ ತರುಣನು 2003ರ ಡಿಸೆಂಬರ್ 1ರಂದು ಇರಾಕಿನ ಹಬ್ಬಾನಿಯಾದಲ್ಲಿ ಮಡಿದನು. ಇಪ್ಪತ್ತೊಂದು ವರ್ಷ. ವಾಷಿಂಗ್ಟನ್ನಿನ ಬಳಿಯ ಆರ್ಲಿಂಗ್ಟನ್ ಸಮಾಧಿಭೂಮಿಯ ಸಾಲುಗಲ್ಲುಗಳ ನಡುವೆ ಅವನ ಹೆಸರಿನದೂ ಒಂದಿದೆ. ಇನ್ನು ಪರದೇಶದವರನ್ನು ಸೇನೆಗೆ ಸೇರಿಸಿಕೊಳ್ಳುವುದು ಅಮೆರಿಕವೊಂದೇ ಅಲ್ಲ. 1947ರ ತ್ರಿಪಕ್ಷೀಯ ಒಪ್ಪಂದದಂತೆ ನೇಪಾಳದ ಪ್ರಜೆಗಳು ನಮ್ಮ ಗೂರ್ಖಾ ರೆಜಿಮೆಂಟುಗಳಲ್ಲಿ ದಶಕಗಳಿಂದ ದುಡಿದಿದ್ದಾರೆ, ನಮ್ಮ ಗಡಿಗಳಲ್ಲಿ ಸತ್ತಿದ್ದಾರೆ. ಅವರ ಪಿಂಚಣಿಯು ಪೊಖರಾ, ಧರಾನ್ ಮುಂತಾದ ಊರುಗಳಲ್ಲಿ ಬಟವಾಡೆಯಾಗುತ್ತದೆ. ಅವರ ವಿಧವೆಯರನ್ನು ಕುರಿತು ನಮ್ಮ ಪತ್ರಿಕೆಗಳು ಎಷ್ಟು ಬರೆದಿವೆ ಎಂದು ಕೇಳಿಕೊಂಡರೆ ನಾವು ಅಮೆರಿಕದವರತ್ತ ಬೆರಳು ಮಾಡುವ ಹುರುಪು ಸ್ವಲ್ಪ ತಗ್ಗುತ್ತದೆ.

ನಮ್ಮ ಬಂಧುವರ್ಗದ ಹುಡುಗನೊಬ್ಬನು ಅಲ್ಲಿ ಓದಲು ಹೋಗಿದ್ದವನು, ಹಸಿರು ಕಾರ್ಡಿಲ್ಲದ ವಿದ್ಯಾರ್ಥಿಗಳನ್ನೂ ವಿಶೇಷ ಭಾಷಾಜ್ಞಾನ ಅಥವಾ ವೈದ್ಯಕೀಯ ಅರ್ಹತೆಯ ಮೇಲೆ ಸೇನೆಗೆ ಸೇರಿಸಿಕೊಳ್ಳುವ ಯೋಜನೆಯೊಂದು ನಡೆದಿದ್ದಾಗ ಅದಕ್ಕೆ ಸೇರುವೆನೆಂದು ಹಟ ಹಿಡಿದನು. 2009ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಕೆಲವು ತಿಂಗಳಲ್ಲಿಯೇ ಪೌರತ್ವ ಸಿಗುತ್ತಿತ್ತು. ಹಿಂದಿ ಬಲ್ಲವರಿಗೂ ಅವಕಾಶವಿತ್ತು. ಅವನ ತಾಯಿ ನಮಗೆ ಫೋನು ಮಾಡಿ, “ಕಾಕಾ, ನೀವಾದರೂ ಹೇಳ್ರಿ ಅವಂಗ” ಎಂದು ಅತ್ತಳು. ಹೇಳಲು ಕುಳಿತಾಗ ಏನು ಹೇಳುವುದೆಂದು ತೋಚಲಿಲ್ಲ. ಸೈನಿಕವೃತ್ತಿ ಕೀಳೆಂದು ಹೇಳಲು ಬಾಯಿ ಬಾರದು. ಹೊಸೆಯ ಕಥೆಯನ್ನಷ್ಟೇ ಇದ್ದಂತೆ ಹೇಳಿದೆವು. ಹುಡುಗ ಪೂರ್ತಿ ಕೇಳಿಸಿಕೊಂಡು, “ಅವನಿಗಿ ಬೇರೆ ದಾರಿ ಇರಲಿಲ್ಲ ಅಜ್ಜಾರ, ನನಗ ಐತಿ” ಎಂದನು. ಸೇರಲಿಲ್ಲ. 2016ರಲ್ಲಿ ಆ ಯೋಜನೆ ನಿಂತಿತು. ಸಹಿ ಹಾಕಿ ಒಳಗೆ ಹೋಗಲು ಕಾದಿದ್ದ ಎಷ್ಟೋ ಹುಡುಗರು ಭದ್ರತಾ ತಪಾಸಣೆಯ ಹೆಸರಿನಲ್ಲಿ ವರ್ಷಗಟ್ಟಲೆ ಅತಂತ್ರರಾದರು, ಕೆಲವರ ವೀಸಾ ಮುಗಿದೇ ಹೋಯಿತು.

ಹೊಸೆಯ ಅಂತ್ಯಕ್ರಿಯೆಯ ಸಂಗತಿ ಒಂದು ಉಳಿದಿದೆ. ಸತ್ತವರಿಗೆ ಮಣ್ಣು ಕೊಡುವ ರೂಢಿಯವರಾದ ನಮಗೆ ಯಾವ ಊರಿನ ಮಣ್ಣು ಎಂಬುದು ಸಣ್ಣ ಪ್ರಶ್ನೆಯಲ್ಲ. ಏಪ್ರಿಲಿನಲ್ಲಿ ಲೊಮಿಟಾದ ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ಕಾರ್ಡಿನಲ್ ಮಹೊನಿಯವರೇ ನಡೆಸಿಕೊಟ್ಟರು. ಪೌರತ್ವ ಬಂದಾಗಿತ್ತು, ಅವನನ್ನು ಅಮೆರಿಕದ ಯಾವ ಸೈನಿಕ ಸಮಾಧಿಭೂಮಿಯಲ್ಲಾದರೂ ಇರಿಸಬಹುದಿತ್ತು. ಹಾಗೆ ಮಾಡಲಿಲ್ಲ. ಸರಕುಗಾಡಿಗಳ ನೆತ್ತಿಯ ಮೇಲೆ ಕುಳಿತು ಅವನು ದಾಟಿ ಬಂದ ಮೆಕ್ಸಿಕೋದ ಆಚೆಗೆ, ಗ್ವಾಟೆಮಾಲಾದ ರಾಜಧಾನಿಗೆ, ಶವಪೆಟ್ಟಿಗೆಯನ್ನು ಮರಳಿ ಒಯ್ದು ಅಲ್ಲಿ ಹೂಳಿದರು. ಪೆಟ್ಟಿಗೆಯ ಮೇಲೆ ಅಮೆರಿಕದ ಧ್ವಜವಿತ್ತು. ಅಕ್ಕ ಅಲ್ಲಿದ್ದಳು.